ನಾಲ್ಕಕ್ಕೇ ಸರಿಯುವ ಅಯಸ್ಕಾಂತ

ಹರಪನಹಳ್ಳಿ, ಗುರುವಾರ, ಆಗಸ್ಟ್ 21

ಸೌರ ಬಿರುಗಾಳಿ ಎದ್ದರೆ ತಿಳಿಯಲೆಂದು ಶಾಲೆಯ ಲ್ಯಾಬಿನಲ್ಲಿ ನಾನು ಮೂರು ದಿನದ ಹಿಂದೆ ದಾರಕ್ಕೆ ತೂಗುಹಾಕಿದ ಅಯಸ್ಕಾಂತ ದಿನಾ ಸಂಜೆ ನಾಲ್ಕಕ್ಕೇ ಸರಿಯುತ್ತಿತ್ತು. ಮುನ್ಸೂಚನೆ ನೋಡಿದರೆ ಸೂರ್ಯ ಶಾಂತ. ಲ್ಯಾಬಿನ ಇನ್ನೊಂದು ಕೀಲಿ ಇರುವುದು ಜವಾನ ಉಚ್ಚಂಗೆಪ್ಪನ ಹತ್ತಿರ. ಅವನದೇ ಕೈವಾಡವೆಂದು ನಿನ್ನೆ ಹೆಡ್‌ಮಾಸ್ಟರಿಗೆ ದೂರು ಬರೆದುಕೊಟ್ಟೆ.

ಅದಕ್ಕೂ ಮೊದಲು ಕೇಳಿದಾಗ "ನಾ ಮುಟ್ಟಿಲ್ರಿ ಮೇಡಂ" ಅಂದಿದ್ದ. ನಂಬಲಿಲ್ಲ. ಇವತ್ತು ಅವನನ್ನು ಅಯಸ್ಕಾಂತದ ಎದುರಿಗೇ ಕೂರಿಸಿ, ಕಿಟಕಿಯಿಂದ ಕಣ್ಣಿಡೋಣವೆಂದು ಹೊರಗೆ ಬಂದೆ. ಬಂದವಳು ಎಂದಿನಂತೆ ನನ್ನ ಸ್ಕೂಟಿಯನ್ನು ನಾಲ್ಕರ ಬಿಸಿಲಿನಿಂದ ಲ್ಯಾಬಿನ ಗೋಡೆಯ ನೆರಳಿಗೆ ತಳ್ಳಿದೆ.

"ಮೇಡಂ, ಸರೀತು! ಸರೀತು ನೋಡ್ರಿ!" ಒಳಗಿಂದ ಕೂಗಿದ.

ಸರಿಸಿದ್ದು ಸ್ಕೂಟಿಯ ಕಬ್ಬಿಣ. ಉಚ್ಚಂಗೆಪ್ಪ ನಗಲಿಲ್ಲ. "ಬೇವಿನ ಗಿಡದ ಕೆಳಗ ಇಡ್ತೀನಿ ಬಿಡ್ರಿ" ಎಂದು ತಾನೇ ತಳ್ಳಿಕೊಂಡು ಹೋದ. ದೂರಿನ ವಿಷಯ ಅವನಿಗಿನ್ನೂ ಗೊತ್ತಿಲ್ಲ. ನಾಳೆ ಹೆಡ್‌ಮಾಸ್ಟರು ಕರೆಸುವ ಮೊದಲೇ ನಾನೇ ಹೇಳಬೇಕು, ಆದರೆ ಯಾವ ಮುಖ ಇಟ್ಟುಕೊಂಡು ಹೇಳಲಿ?