ಅತಿಥಿಗಳ ಮುಂದೆ ಭಾವನ ಉಸಿರು

ಮಾರ್ಚ್ ಹನ್ನೊಂದು, ಲ್ಯಾಬಿನ ಊಟದ ಕೋಣೆಯಿಂದ

ಪ್ರೀತಿಯ ಅಕ್ಕ,

ನಿನ್ನ ಮಂಡಿನೋವು ಹೇಗಿದೆ? ನಿನ್ನ ಅತ್ತೆ ಈಗ ಗೋಡೆ ಹಿಡಿದು ನಡೆಯುತ್ತಾರೆಂದು ತಿಳಿದು ಸಮಾಧಾನವಾಯಿತು. ನೀನು ಅವರ ಆರೈಕೆ ಮುಗಿಸಿ ಬರುವವರೆಗೆ ಭಾವನನ್ನು ನೋಡಿಕೊಳ್ಳುತ್ತೇನೆ ಎಂದಿದ್ದೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಕೆಲಸದ ಮಾತೆತ್ತಿದರೆ ನೀನು ಮೂಗು ಮುರಿಯುತ್ತೀಯ. ಜನರಿಗೆ ಗುರುತಿಟ್ಟ ಇಂಗಾಲವಿರುವ ಯೂರಿಯಾ ನೀರು ಕುಡಿಸಿ, ಸ್ವಲ್ಪ ಹೊತ್ತಿನ ಮೇಲೆ ಚೀಲಕ್ಕೆ ಊದಿಸುತ್ತೇವೆ. ಹೊಟ್ಟೆಯಲ್ಲಿ ಹುಣ್ಣು ಮಾಡುವ ಬ್ಯಾಕ್ಟೀರಿಯಾ ಇದ್ದರೆ ಅದು ಯೂರಿಯಾವನ್ನು ಒಡೆಯುತ್ತದೆ, ಆ ಗುರುತು ಉಸಿರಿಗೆ ಬರುತ್ತದೆ. ಉಸಿರಿನೊಳಗೆ ಲೇಸರ್ ಬೆಳಕು ಹಾಯಿಸಿದಾಗ ಬೆಳಕು ಅಲ್ಲಲ್ಲಿ ಕುಂದಿ, ಪರದೆಯ ಗೆರೆ ತಗ್ಗುತ್ತದೆ. ಚೀಲದ ಬಾಯಿಗಂಟಿದ ಎಂಜಲು ಒರೆಸುವವಳೂ ನಾನೇ. ಅದಕ್ಕೆ ಅಸಹ್ಯಪಡುವುದನ್ನು ಬಿಟ್ಟು ಬಹಳ ಕಾಲವಾಯಿತು.

ಲ್ಯಾಬಿನ ಕಾರು ಓಡಿಸುವ ಭಾವ ಒಮ್ಮೆ ತಮಾಷೆಗೆ ಊದಿದರು. “ನಾದಿನಿ ಕೈಯಿಂದ ಗೊಬ್ಬರ ಕುಡಿಯೋ ಯೋಗ ನನ್ನ ಹಣೇಲಿತ್ತು ನೋಡು” ಎಂದು ನಕ್ಕರು. ಗೆರೆ ಪಾತಾಳಕ್ಕಿಳಿಯಿತು. ಅಂದಿನಿಂದ ಕೊಳ್ಳಲೆಂದು ಈ ಯಂತ್ರ ನೋಡಲು ಯಾರೇ ಬಂದರೂ ಭಾವನೇ ಊದಬೇಕು. ಅವರಿಗೆ ಊದುಬತ್ತಿ ಎಂದೇ ಹೆಸರು ಬಿದ್ದಿದೆ, ಅದರಲ್ಲಿ ಅವರಿಗೆ ಹೆಮ್ಮೆ ಬೇರೆ. ಈ ಯಂತ್ರ ಕಟ್ಟಿದ ನಮ್ಮ ಸರ್ ಸ್ವತಃ ಡಾಕ್ಟರು. ಮಾತ್ರೆ ಕೊಟ್ಟಿರುತ್ತಾರೆ, ವಾಸಿಯಾಗಲು ದಿನ ಹಿಡಿಯುತ್ತದೆ ಎಂದು ನಾನು ನಂಬಿದ್ದೆ.

ಇಂದು ಮಧ್ಯಾಹ್ನ ಭಾವ ನಿಂತ ಕಾರಿನಲ್ಲಿ ಹೊಟ್ಟೆ ಹಿಡಿದು ಸ್ಟಿಯರಿಂಗ್ ಮೇಲೆ ಬಾಗಿದ್ದರು. ತುಟಿ ಬಿಳಚಿಕೊಂಡಿತ್ತು. ಉರಿ ತಗ್ಗಿಸುವ ಮಾತ್ರೆಯನ್ನೂ ನುಂಗಬಾರದಂತೆ, ನುಂಗಿದರೆ ಯಂತ್ರ ಸರಿಯಾಗಿ ತೋರಿಸುವುದಿಲ್ಲವಂತೆ, ಸರ್ ಹೇಳಿದ್ದಾರಂತೆ. “ನಿಮ್ಮಕ್ಕಂಗೆ ಹೇಳ್ಬೇಡ” ಎಂದರು.

ನೇರ ಸರ್ ಕೋಣೆಗೆ ಹೋದೆ. ಅವರು ಕಿತ್ತಳೆ ತಿನ್ನುತ್ತ, ಬೀಜಗಳನ್ನು ಅಂಗೈಗೆ ಉಗುಳಿಕೊಳ್ಳುತ್ತಿದ್ದರು. ಭಾವನಿಗೆ ಯಾಕೆ ಇನ್ನೂ ಮಾತ್ರೆ ಕೊಟ್ಟಿಲ್ಲ ಎಂದು ಕೇಳಿದೆ. “ಅವನ ಹೊಟ್ಟೆ ಕ್ಲೀನ್ ಆಗ್ಬಿಟ್ರೆ ನಾವು ಯಾರನ್ನಮ್ಮಾ ಊದಿಸೋದು? ಮೊದಲು ಮೆಷಿನ್ ಮಾರಾಟ ಆಗ್ಲಿ.” ಹಾಗೆಂದು ಅದೇ ಒದ್ದೆ ಬೆರಳಿಂದ ನನಗೊಂದು ತೊಳೆ ಕೊಟ್ಟರು. ತೆಗೆದುಕೊಂಡೆ, ಅಕ್ಕ. ಬಾಯಿಗೂ ಹಾಕಿಕೊಂಡೆ. ಆಮೇಲೆ ಸಿಂಕಿನಲ್ಲಿ ಉಗಿದು ಎಷ್ಟು ಮುಕ್ಕಳಿಸಿದರೂ ಆ ರುಚಿ ಹೋಗಿಲ್ಲ.

ನಿನ್ನ ಅತ್ತೆಗೆ ನಮಸ್ಕಾರ ತಿಳಿಸು. ಮಂಡಿಗೆ ಬಿಸಿನೀರಿನ ಶಾಖ ಕೊಡುವುದನ್ನು ಬಿಡಬೇಡ.

ನಿನ್ನ ತಂಗಿ

ತಾ.ಕ.: ನಾಳೆ ಬೆಳಿಗ್ಗೆ ಯಂತ್ರ ಕೊಳ್ಳುವವರು ಬರುತ್ತಾರೆ. ಭಾವನನ್ನು ಖಾಲಿ ಹೊಟ್ಟೆಯಲ್ಲಿ ಕರೆತರಬೇಕಂತೆ. ಕರೆದುಕೊಂಡು ಹೊರಡುತ್ತೇನೆ, ಆದರೆ ದೊಡ್ಡಾಸ್ಪತ್ರೆಗೆ. ಇಬ್ಬರ ಕೆಲಸವೂ ಹೋಗಬಹುದು. ಭಾವನಿಗೆ ಇನ್ನೂ ಹೇಳಿಲ್ಲ. ಹೇಳಿದರೆ, ಸರ್ ಮರ್ಯಾದೆ ಏನಾಗಬೇಕು ಎಂದು ಹಟ ಹಿಡಿಯುತ್ತಾರೆ. ಕಾರು ಓಡಿಸುವವರೂ ಅವರೇ. ಆಸ್ಪತ್ರೆ ರಸ್ತೆಯ ಸಿಗ್ನಲ್ ಹತ್ತಿರ ಬಂದಾಗ, ಎಡಕ್ಕೆ ತಿರುಗಿಸಿ ಭಾವ ಎನ್ನಬೇಕೆಂದಿದ್ದೇನೆ.