ಹೆದರುವ ಇನ್‌ಸ್ಪೆಕ್ಟರ್

ನವೆಂಬರ್ 3, ಭಾನುವಾರ

ನಾನು ಇಗರ್ಜಿಯ ಪೂಜೆಯಿಂದ ಬಂದು ಊಟ ಮುಗಿಸುವಷ್ಟರಲ್ಲಿ ಗೆಳೆಯ ಸಿರಾಜ್ ಬಂದ; ಟಿವಿಯ ಸೌಂಡ್ ಬಂದ್ ಮಾಡಿ, ಪಿಕ್ಚರಿಗೆ ನಾವೇ ಮಾತು ಕೊಡಲು ಕುಳಿತೆವು. ಎಂದಿನಂತೆ ನಾನು ಇನ್‌ಸ್ಪೆಕ್ಟರ್, ಸಿರಾಜ್ ದೆವ್ವ. ಇವತ್ತು ಆ ಹಳೆಯ ಹಿಂದಿ ಬಾವಿ ಪಿಕ್ಚರ್. ಎಷ್ಟನೆಯ ಸಲವೋ.

ದೆವ್ವದ ಕೈಯಲ್ಲಿ ವಾಚು. ಬಾವಲಿಗೆ ಕಟ್ಟಿದ ನೂಲು ಚೆನ್ನಾಗಿ ಕಾಣುತ್ತದೆ. ಅಮಾವಾಸ್ಯೆಯ ರಾತ್ರಿ ಅಂತೆ... ಅಂಗಳದ ತುಂಬ ಮರದ ನೆರಳು! ಬಾಗಿಲು ಹಾಕಿದರೆ ಗೋಡೆಯೇ ಅಲ್ಲಾಡುತ್ತದೆ. ಸತ್ತವನ ಹೊಟ್ಟೆ ಮೇಲೆ ಕೆಳಗೆ ಹೋಗುತ್ತದೆ. ಎಲ್ಲ ಗೊತ್ತು. ಆದರೂ ಬಾವಿಕಟ್ಟೆಯ ಮೇಲೆ ಆ ಕೈ ಬಂದು ಬಿದ್ದಾಗ ಈಗಲೂ ಬೆನ್ನು ತಣ್ಣಗಾಗುತ್ತದೆ.

"ಯಾರು... ಯಾರು ನೀನು?" ಎಂದೆ. ಧ್ವನಿ ತಾನಾಗಿಯೇ ನಡುಗಿತು. "ನಿನಗಾಗಿಯೇ ಕಾದಿದ್ದೇನೆ" ಎಂದ ಸಿರಾಜ್. ಜಗಲಿಯಲ್ಲಿ ಮಾರಲಿಕ್ಕೆ ಮಲ್ಲಿಗೆ ಕಟ್ಟುತ್ತಿದ್ದ ಬರ್ತಾ, "ಇಷ್ಟು ವಯಸ್ಸಾದರೂ ನನ್ನ ಗಂಡ ಹೆದರುವುದು ಬಿಡಲಿಲ್ಲ" ಎಂದಳು.

ಸಿರಾಜ್ ಕಾಪುವಿನಲ್ಲಿ ಕ್ಯಾಸೆಟ್ ಅಂಗಡಿ ಇಟ್ಟಿದ್ದ ಕಾಲದ ಅಭ್ಯಾಸ ಇದು. ಅವನ ತಾಯಿ, ಉಮ್ಮನಿಗೆ ಹಿಂದಿ ಬರುತ್ತಿರಲಿಲ್ಲ. ಅವರಿಗಾಗಿ ಮಾತು ನಾವೇ ಕೊಡುತ್ತಿದ್ದೆವು. ಅವನದು ಬ್ಯಾರಿ, ನನ್ನದು ಕೊಂಕಣಿ, ಜಗಳ ತುಳುವಿನಲ್ಲಿ. ಆದರೆ ಪೊಲೀಸು, ದೆವ್ವ ಅಂದ ಮೇಲೆ ಶುದ್ಧ ಕನ್ನಡವೇ ಆಗಬೇಕು. ಉಮ್ಮ ಹೋಗಿ ವರ್ಷಗಳಾದವು. ಅಂಗಡಿಯಲ್ಲಿ ಈಗ ಮೊಬೈಲ್ ಕವರು. ನಮ್ಮ ಭಾನುವಾರ ಮಾತ್ರ ಹಾಗೇ ಉಂಟು.

ನವೆಂಬರ್ 10, ಭಾನುವಾರ

ಸಿರಾಜ್ ತಡವಾಗಿ ಬಂದ. ಬಾಯಿ ತೆರೆದರೆ ಡ್ಯಾರಿಲ್‌ನದೇ ಸುದ್ದಿ. ಯಾರಿವನು? ಮಣಿಪಾಲದ ಯಾವುದೋ ಕಾಲೇಜಿನ ಲೆಕ್ಚರರ್. ಫೋನಿಗೆ ಕವರ್ ಹಾಕಿಸಲು ಬಂದವನು ಮೇಲಿನ ಶೆಲ್ಫಿನ ಕ್ಯಾಸೆಟ್ ನೋಡಿ ಅಲ್ಲೇ ನಿಂತನಂತೆ. "ಇದೆಲ್ಲ ಕಲ್ಟ್ ಅಂತೆ ಮಾರಾಯ. ಈ ಕಡಿಮೆ ಬಜೆಟ್ಟಿನ ಪಿಕ್ಚರಿಗೆ ದೊಡ್ಡ ದೊಡ್ಡ ಪುಸ್ತಕವೇ ಉಂಟಂತೆ."

ಗೋಡೆ ಅಲ್ಲಾಡುವ ಸೀನು ಬಂತು. ನಾವು ಯಾವಾಗಲೂ ಒಟ್ಟಿಗೆ "ಭೂಕಂಪ!" ಎನ್ನುವುದು. ಇವತ್ತು ನಾನೊಬ್ಬನೇ ಅಂದೆ. ಅವನು ಡ್ಯಾರಿಲ್‌ನ ಮೆಸೇಜು ಓದುತ್ತಿದ್ದ.

ಇದೇ 23ಕ್ಕೆ ಅವರ ಕಾಲೇಜಿನ ಫಿಲ್ಮ್ ಕ್ಲಬ್ಬಿನಲ್ಲಿ ಬಾವಿ ಪಿಕ್ಚರ್ ಹಾಕುತ್ತಾರಂತೆ. ಸೌಂಡ್ ಬಂದ್ ಮಾಡಿ. ಮೈಕಿನಲ್ಲಿ ಸಿರಾಜ್. ಇನ್‌ಸ್ಪೆಕ್ಟರ್ ಯಾರೆಂದು ಅವನು ಹೇಳಲಿಲ್ಲ. ನಾನು ಕೇಳಲಿಲ್ಲ.

ನವೆಂಬರ್ 13, ಬುಧವಾರ

ಸಿರಾಜ್ ನನ್ನ ಟೈಲರಿಂಗ್ ಅಂಗಡಿಗೆ ಬಂದ. ಎಂದೂ ಬುಧವಾರ ಬರುವವನಲ್ಲ. ಹಲ್ವದ ಕಟ್ಟು ತಂದಿದ್ದ. ನನ್ನ ಅಳತೆ ಟೇಪು ಎತ್ತಿಕೊಂಡು ಬೆರಳಿಗೆ ಸುತ್ತಿದ, ಬಿಚ್ಚಿದ. ಮಣಿಪಾಲದ ಶೋಗೆ ಕರೆಯಲಿಕ್ಕೇ ಬಂದದ್ದು ಎಂದು ಗೊತ್ತಾಯಿತು. ಅಷ್ಟು ಸುಲಭದಲ್ಲಿ ಬರುತ್ತೇನೆ ಎಂದು ತಿಳಿಯಬಾರದಲ್ಲ!

"ಕ್ರಿಸ್ಮಸ್ ಬಟ್ಟೆ ರಾಶಿ ಉಂಟು. ಈ ತಿಂಗಳು ನಾನು ಎಲ್ಲಿಗೂ ಬರುವುದಿಲ್ಲ" ಎಂದೆ.

ನಮ್ಮಲ್ಲಿ ಒಂದು ಲೋಟ ಚಾಕ್ಕೂ ಮೊದಲು ಬೇಡ ಎನ್ನುವುದು ಕ್ರಮ. ಕೊಡುವವರು ಒತ್ತಾಯ ಮಾಡಬೇಕು, ಮತ್ತೆ ಕುಡಿಯಬೇಕು. ಆದರೆ ನಾನು ಚಾ ತರುವ ಮೊದಲೇ ಬೇಡ ಅಂದ ಹಾಗಾಯಿತು. ಇನ್ನೂ ಕರೆದೇ ಇಲ್ಲ, ಒತ್ತಾಯ ಮಾಡುವುದು ಯಾವುದಕ್ಕೆ?

"ಹೌದು, ಕೆಲಸ ಇರ್ತದೆ ಅಲ್ವಾ" ಎಂದು ಟೇಪು ಮಡಚಿಟ್ಟು ಎದ್ದ. ಮೆಟ್ಟಿಲು ಇಳಿಯುವವರೆಗೂ ತಿರುಗಿಯಾನು ಎಂದು ನೋಡಿದೆ.

ಹಲ್ವ ಮುಟ್ಟಲಿಲ್ಲ. ಬರ್ತಾ ತಿಂದಳು.

ನವೆಂಬರ್ 18, ಸೋಮವಾರ

ಸಿರಾಜ್‌ನ ಹೆಂಡತಿ ಹಫೀಝಾ ಮದುವೆಮನೆಗೆಂದು ಹೂವಿಗೆ ಬಂದಿದ್ದಳು. ಬರ್ತಾಳ ಹತ್ತಿರ ಹೇಳಿದಳಂತೆ: "ಇನ್‌ಸ್ಪೆಕ್ಟರ್ ಡ್ಯಾರಿಲ್. ದಿನಾ ಸಂಜೆ ನಮ್ಮ ಮನೆಯಲ್ಲೇ ಪ್ರಾಕ್ಟೀಸು. ನಕ್ಕು ನಕ್ಕು ಸಾಕಾಗುತ್ತದೆ."

ಹೊಟ್ಟೆಕಿಚ್ಚು. ಸರಿ, ಬರೆದೆ. ಬರೆದರೂ ಆರುವುದಿಲ್ಲ. ಯಾರದೋ ಮದುಮಗನ ಕೋಟಿನ ತೋಳು ಗಿಡ್ಡ ಕತ್ತರಿಸಿಬಿಟ್ಟೆ. ಅದಕ್ಕೂ ಡ್ಯಾರಿಲ್‌ನೇ ಕಾರಣ.

ನವೆಂಬರ್ 23, ಶನಿವಾರ. ರಾತ್ರಿ

ಹೋದೆ. ಗುಂಡಿ ತರಲಿಕ್ಕೆ ಉಡುಪಿ ಪೇಟೆಗೆ ಹೋಗುತ್ತೇನೆ ಎಂದು ಬರ್ತಾಳ ಹತ್ತಿರ ಸುಳ್ಳು ಹೇಳಿ, ಅಲ್ಲಿಂದ ಮಣಿಪಾಲದ ಬಸ್ಸು ಹತ್ತಿದೆ. ಹಿಂದಿನ ಸಾಲು, ಬಾಗಿಲ ಬದಿ. ಹಾಲ್ ತುಂಬ ಕಾಲೇಜು ಮಕ್ಕಳು. ಸಿರಾಜ್ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ... ನಾನೇ ಹೊಲಿದದ್ದು.

ಡ್ಯಾರಿಲ್ ಚೆಂದದ ಹುಡುಗ. ಅದೂ ಬೇಸರವೇ. ವಾಚು ಕಂಡರೆ ವಾಚಿಗೆ ಜೋಕು, ನೂಲು ಕಂಡರೆ ನೂಲಿಗೆ. ಹಾಲ್ ಬಿದ್ದು ಬಿದ್ದು ನಗುತ್ತಿತ್ತು. ನಾವೂ ನಗುತ್ತೇವೆ. ಆದರೆ ನಾವು ಪಿಕ್ಚರಿನ ಒಳಗೆ ನಿಂತು ನಗುವುದು, ಇವನು ರಸ್ತೆಯಲ್ಲಿ ನಿಂತು ನಗುತ್ತಾನೆ.

ಬಾವಿಯ ಸೀನು ಬಂತು. ಆ ಕೈ ಬಾವಿಕಟ್ಟೆಯ ಮೇಲೆ ಬಿತ್ತು. ಡ್ಯಾರಿಲ್ ಗತ್ತಿನಲ್ಲಿ, "ಏಯ್, ಯಾರಯ್ಯಾ ನೀನು?" ಎಂದ. ಚಪ್ಪಾಳೆ. ಇನ್ನು ಸಿರಾಜ್‌ನ ಸರದಿ. ಡ್ಯಾರಿಲ್ ಇನ್ನೊಮ್ಮೆ ಕೇಳಿದ. ಪರದೆಯಲ್ಲಿ ದೆವ್ವದ ಬಾಯಿ ಸುಮ್ಮನೆ ಅಲ್ಲಾಡುತ್ತಿತ್ತು.

"ಒಂದು ನಿಮಿಷ ನಿಲ್ಲಿಸಿ" ಎಂದ ಸಿರಾಜ್ ಮೈಕಿನಲ್ಲೇ. "ಇನ್‌ಸ್ಪೆಕ್ಟರ್ ಇಲ್ಲಿ ಹೆದರಬೇಕು. ಅವನು ಹೆದರದಿದ್ದರೆ ನಾನು ದೆವ್ವ ಆಗುವುದು ಹೇಗೆ? ನಮ್ಮ ಮ್ಯಾಕ್ಸಿಮ್ ಉಂಟಲ್ಲ, ಅವನು ನಿಜವಾಗಿ ಹೆದರುತ್ತಾನೆ."

ಮಕ್ಕಳು ಅದಕ್ಕೂ ನಕ್ಕರು. ನನ್ನ ಹೆಸರಿಗೆ ನಕ್ಕರು. ಸಿಟ್ಟು ಬಂತು, ಕಣ್ಣಲ್ಲಿ ನೀರೂ ಬಂತು. ಯಾವುದು ಮೊದಲು ಎಂದು ಹೇಳಲಾರೆ. ಲೈಟು ಬರುವ ಮೊದಲೇ ಎದ್ದು ಬಂದೆ. ಗುಂಡಿ ತರಲು ಮರೆತೆ.

ನವೆಂಬರ್ 24, ಭಾನುವಾರ

ಸಿರಾಜ್ ಬರಲಿಲ್ಲ. ಒಬ್ಬನೇ ಸೌಂಡ್ ಕೊಟ್ಟು ನೋಡಿದೆ. ಇನ್‌ಸ್ಪೆಕ್ಟರನ ಸ್ವಂತ ಧ್ವನಿ ಎಷ್ಟು ಸಪೂರ, ನೂಲಿನ ಹಾಗೆ! ಅರ್ಧಕ್ಕೇ ಆಫ್ ಮಾಡಿದೆ.

ಡಿಸೆಂಬರ್ 1, ಭಾನುವಾರ

ಸಿರಾಜ್ ಬಂದ. ಸ್ಕೂಟರಿನ ಹಿಂದೆ ಡ್ಯಾರಿಲ್. ಬರ್ತಾ ನನ್ನನ್ನು ಕೇಳದೆ ಮೂರನೆಯ ಕುರ್ಚಿ ಹಾಕಿದಳು.

ಮುಂದಿನ ತಿಂಗಳು ಕಾರ್ಕಳದಲ್ಲೂ ಶೋ ಉಂಟಂತೆ. ಡ್ಯಾರಿಲ್, "ಅಂಕಲ್, ಬಾವಿಯ ಸೀನು ನನಗೆ ಬರುವುದಿಲ್ಲ. ನೀವು ಹೇಗೆ ಮಾಡ್ತೀರಿ, ಸ್ವಲ್ಪ ಹೇಳಿಕೊಡಿ" ಎಂದ. ವಿನಯದಿಂದಲೇ ಕೇಳಿದ. ಸಿರಾಜ್ ನನ್ನನ್ನು ನೋಡಲಿಲ್ಲ. ಒಮ್ಮೆ ಕರೆಯಲಿಕ್ಕೆ ಬಂದು ನೋಡಿಯಾಗಿದೆ ಎಂದುಕೊಂಡಿದ್ದಾನೋ ಏನೋ.

ಹೇಳಿಕೊಟ್ಟೆ. "ಎದೆ ಉಬ್ಬಿಸಿ ನಿಲ್ಲು. ಕೈ ಬಂದ ಕೂಡಲೇ ದೊಡ್ಡ ಸ್ವರ. ನಡುಗಬಾರದು. ನಡುಗಿದರೆ ಸೀನು ಹೋಯಿತು" ಎಂದೆ. ಪೂರಾ ಉಲ್ಟಾ. ಹುಡುಗ ನಂಬಿದ. ಎದ್ದು ನಿಂತು ಎದೆ ಉಬ್ಬಿಸಿ ತೋರಿಸಿದ.

ಸಿರಾಜ್‌ಗೆ ಗೊತ್ತಾಗದೆ ಇರುತ್ತದೆಯೇ? ಚಾ ಕುಡಿಯುತ್ತಿದ್ದವನು ನಿಲ್ಲಿಸಿದ. ನನ್ನ ಮುಖ ನೋಡಿದ. ಎಲ್ಲಿ ಬಾಯಿ ಬಿಡುತ್ತಾನೋ ಎಂದು ನಾನು ಚಾದ ಲೋಟದೊಳಗೆ ನೋಡಿದೆ.

"ಸರಿಯಾಗಿ ಹೇಳಿದ" ಎಂದ ಡ್ಯಾರಿಲ್‌ಗೆ. "ಹಾಗೇ ಮಾಡು."

ನನ್ನ ಸುಳ್ಳಿಗೆ ಜೊತೆ ನಿಂತ. ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಸಂತೋಷವಾಯಿತು.

ಅವರು ಹೋಗಿ ಅರ್ಧ ಗಂಟೆ ಆಗಿಲ್ಲ. ಬರ್ತಾ ಕರೆಯುತ್ತಿದ್ದಾಳೆ. ಸಿರಾಜ್‌ನ ಫೋನು. ಹುಡುಗನನ್ನು ಇಳಿಸಿ ಆಯಿತಂತೆ, ಈಗ ಒಬ್ಬನೇ ಇದ್ದಾನಂತೆ, ಕಾರ್ಕಳದ ವಿಷಯ ಒಂದು ಮಾತು ಕೇಳಲಿಕ್ಕೆ ಉಂಟಂತೆ. ಈ ಸಲ ಅವನು ಕೇಳಿ ಮುಗಿಸುವವರೆಗೆ ನಾನು ಬಾಯಿ ತೆರೆಯುವುದಿಲ್ಲ.