ಬಿಸಿಯಿಲ್ಲದ ಬೆಳಕು

ತಿಗನಾರೆ
೧೨-೨-೧೯೮೯

ದನದ ಡಾಕ್ಟರ್ ಷಡಕ್ಷರಿಯವರಿಗೆ ಚನ್ನಮಲ್ಲಮ್ಮ ಮಾಡುವ ಶರಣು.

ಮೂರು ವರ್ಷದ ಹಿಂದೆ ನೀವು ಲೇಸರ್ ಯಂತ್ರವನ್ನು ಕಂಬಳಿಯಲ್ಲಿ ಸುತ್ತಿ, ದಿಂಬಂ ಘಾಟಿಯ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದಿದ್ದಿರಿ. ಕೊಟ್ಟಿಗೆಯ ಬಲ್ಬು ಕಳಚಿ ತಂತಿ ಸಿಕ್ಕಿಸಿದಿರಿ. ಕುಂಟುತ್ತಿದ್ದ ನಮ್ಮ ಎತ್ತು ಕೆಂದನ ಮೊಣಕಾಲಿನ ಮೇಲೆ ಕುಂಕುಮದ ಬೊಟ್ಟಿನಷ್ಟು ಕೆಂಪು ಬೆಳಕು ನಿಂತಾಗ ಕೇರಿಯೇ ಉಸಿರು ಬಿಗಿಹಿಡಿದಿತ್ತು. ಕೆಂದ ಮಾತ್ರ ಮೆಲುಕು ಹಾಕುತ್ತಿದ್ದ. ಆ ಸಂಜೆಗಳು ಇನ್ನೂ ಕಣ್ಣಿಗೆ ಕಟ್ಟಿದಂತಿವೆ.

ಒಂಬತ್ತನೆಯ ದಿನ ಕೆಂದ ನಾಲ್ಕೂ ಕಾಲೂರಿ ನಿಂತ. ಹತ್ತನೆಯ ದಿನ ಬೆಳಕು ಬಿದ್ದ ಜಾಗದಲ್ಲೇ ಹುಣ್ಣಿತ್ತು. "ನನ್ನ ಬೆಳಕೇ ಸುಟ್ಟಿದೆ, ಕ್ಷಮಿಸವ್ವ" ಎಂದು ನೀವು ಕೈಮುಗಿದು ಹೊರಟುಹೋದಿರಿ. ಆಮೇಲೆ ಯಾವ ದನಕ್ಕೂ ನೀವು ಆ ಯಂತ್ರ ಹಿಡಿಯಲಿಲ್ಲವಂತೆ.

ಬೆಳಕು ಸುಡಲಿಲ್ಲ, ಡಾಕ್ಟರೇ. "ಬಿಸಿನೇ ಇಲ್ಲ, ಅಂಗೇ ವಾಸಿ ಆದದಾ? ಕಬ್ಣ ಕಾಯ್ಸವ್ವ" ಎಂದು ನನಗೆ ಹೇಳಿ, ಅಪ್ಪ ಒಂಬತ್ತನೆಯ ದಿನದ ರಾತ್ರಿಯೇ ಅದೇ ಜಾಗಕ್ಕೆ, ಅಷ್ಟೇ ದುಂಡಗೆ ಬರೆ ಹಾಕಿದ್ದರು.

ಅಪ್ಪ ಈಗಿಲ್ಲ. ಕೆಂದನ ಜೋಡಿ ಎತ್ತು ಕಾಲೆಳೆಯುತ್ತಿದೆ. ಯಂತ್ರವಿದ್ದರೆ ತನ್ನಿ, ಬಲ್ಬು ಕಳಚಿಟ್ಟಿದ್ದೇನೆ.

ಅಂದು ನೀವು ಕೈಮುಗಿದದ್ದು ಆ ಕಬ್ಬಿಣ ಕಾಯಿಸಿಕೊಟ್ಟವಳಿಗೆ.

ಇಂತಿ,
ಚನ್ನಮಲ್ಲಮ್ಮ